ಬಿಟ್ಟ ಸ್ಥಳ

ತ್ರಿಯೆಸ್ತೆಯಲ್ಲಿ ಬೋರಾ ಬೀಸುವ ದಿನ
ಕೊಡೆ ಹಿಡಿದು ಹೊರಟವರು ಊರಿಗೆ ಹೊಸಬರು.
ನಾವೆಲ್ಲ ಜೇಬಲ್ಲಿ ಕಲ್ಲಿಟ್ಟುಕೊಂಡೇ ಬೆಳೆದವರು.

ನಾನು ನೆರೀನಾ. ನಗರಸಭೆ, ಮೂರನೇ ಮಹಡಿ,
ಸರಿಯಾಗಿ ಮುಚ್ಚದ ಕಿಟಕಿಯ ಪಕ್ಕ
ಇಪ್ಪತ್ತಾರು ವರ್ಷ.
"ಏನೇನು ಕಟ್ಟಿದ್ದೀ?" ನೆಂಟರು ಕೇಳುತ್ತಾರೆ
ಊಟದ ನಡುವೆ.
ತಮ್ಮ ವೋಯ್ಕೊಗೆ ಈ ಪಾಡಿಲ್ಲ, ಬೆರಳು ತೋರಿದರಾಯಿತು:
ಅಗೋ ವಿಮಾ ಕಂಪನಿ, ಬಿಳಿ ಕಲ್ಲು, ಒಂಬತ್ತು ಅಂತಸ್ತು.
ನಾನು ಎತ್ತ ತೋರಲಿ?
ಆ ಕಟ್ಟಡಕ್ಕೂ ಚರ್ಚಿನ ಗೋಡೆಗೂ ನಡುವೆ
ಹನ್ನೊಂದು ಮೀಟರ್ ಅಗಲದ ಏನೂ ಇಲ್ಲದ್ದು,
ಅದು ನನ್ನದು
ಎಂದರೆ ಉಪ್ಪು ಕೇಳುತ್ತಾರೆ.

ಮನೆ ಕಟ್ಟಿ ನೋಡು ಅಂದವರುಂಟು,
ಬೀದಿ ಕಟ್ಟಿ ನೋಡು ಅಂದವರಿಲ್ಲ.
ಬೀದಿಯನ್ನು ಯಾರೂ ಕಟ್ಟುವುದಿಲ್ಲ, ಬಿಡುತ್ತಾರೆ.
ಎಷ್ಟು ಬಿಡಬೇಕು, ಯಾರಿಗೆ, ಯಾವ ಹೊತ್ತಿಗೆ —
ಇಷ್ಟೇ ನನ್ನ ಶಾಸ್ತ್ರ; ಇನ್ನೂ ಕಲಿಯುತ್ತಿದ್ದೇನೆ.

ವೋಯ್ಕೊನ ಹಾಳೆಯಲ್ಲಿ ಅವನ ಕಟ್ಟಡ ಕಪ್ಪು,
ಉಳಿದದ್ದು ಕಾಗದ.
ನಾನು ಆ ಕಾಗದವನ್ನೇ ಓದುವವಳು:
ಬಿಳಿಯಲ್ಲಿ ಮೀನಿನ ಗಾಡಿ,
ಬಿಳಿಯಲ್ಲಿ ಬಸ್ಸಿಗೆ ಕಾದು ಒದ್ದಾಡುವ ಹುಡುಗರು,
ಬಿಳಿಯಲ್ಲಿ ನಾಲ್ಕು ಗಂಟೆಯ ಬಿಸಿಲು,
ಎದುರಿನವನು ಒಂದು ಮಹಡಿ ಏರಿಸಿದರೆ
ಮೂರಕ್ಕೇ ಮುಗಿಯುವಂಥದು.
ಅವನಿಗೆ ಒಬ್ಬ ಯಜಮಾನ, ಒಂದು ತಾರೀಖು, ಒಂದು ಬೀಗದ ಕೈ.
ನನಗೆ ಯಜಮಾನರು ಎರಡು ಲಕ್ಷ,
ಹುಟ್ಟದಿರುವವರನ್ನು ಬಿಟ್ಟು.
"ಇಲ್ಲಿಂದ ಸಮುದ್ರ ಕಾಣತಕ್ಕದ್ದು"
ಎಂದು ಒಂದು ಸಾಲು ಬರೆದೆ, ಏಳು ವರ್ಷ ಜಗಳ.
ಈಗ ಕಾಣುತ್ತದೆ.
ಸಮುದ್ರ ಮೊದಲೇ ಇತ್ತಲ್ಲ ಅನ್ನುತ್ತಾರೆ.

ಫೆಬ್ರವರಿಯಲ್ಲಿ ಓಂದೀನಾ ಬಿದ್ದಳು.
ಎಪ್ಪತ್ತೆಂಟು ವರ್ಷ, ಔಷಧಿ ಅಂಗಡಿಗೆ ಹೊರಟವಳು.
ಒಂಬತ್ತು ಅಂತಸ್ತು ಜಾರಿ ಇಳಿದ ಗಾಳಿ
ವೋಯ್ಕೊನ ಮೂಲೆಯಲ್ಲಿ ತಿರುಗಿ ಅವಳನ್ನು ಎತ್ತಿ ಎಸೆಯಿತು.
ಮಣಿಕಟ್ಟು ಮುರಿಯಿತು. ಚೀಲದ ಕಿತ್ತಳೆಗಳು
ಬಂದರಿನ ಕಡೆಗೆ ಉರುಳಿದವು,
ಕಾಣತಕ್ಕದ್ದು ಎಂದು ನಾನು ಬರೆದ ಸಮುದ್ರಕ್ಕೆ.

"ಗಾಳಿ ನನ್ನ ನಿವೇಶನದ ಒಳಗಿಲ್ಲ ಅಕ್ಕಾ,
ನನ್ನ ಗೆರೆ ಅಲ್ಲಿಗೆ ಮುಗಿಯಿತು."
ಸುಳ್ಳೇನಲ್ಲ. ನನ್ನದು ಅಲ್ಲಿಂದಲೇ ಶುರು.

ಅಜ್ಜಿಯ ಕಾಲದಲ್ಲಿ ಮೂಲೆಗಳಿಗೆ ಹಗ್ಗ ಕಟ್ಟುತ್ತಿದ್ದರು,
ಹಿಡಿದು ದಾಟಲು.
ಒಂದು ಹಗ್ಗ ಕೇಳಿದೆ.
ಅದಕ್ಕೆ ಅವನ ಬಿಳಿ ಕಲ್ಲಿನಲ್ಲಿ ನಾಲ್ಕು ಕೊಂಡಿ ಬೇಕು.
"ನನ್ನ ಕಟ್ಟಡಕ್ಕೆ ಮೂಗುದಾರವೇ?" ಎಂದ.
ಹನ್ನೊಂದು ತಿಂಗಳು ಕಾಗದ ಹೋಯಿತು, ಕಾಗದ ಬಂತು.
ಕ್ರಿಸ್‌ಮಸ್ಸಿಗೆ ಒಂದೇ ಮೇಜಿನ ಎರಡು ತುದಿಗೆ ಕೂತೆವು.
ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳಬೇಡ
ಅಂದರು ನಮ್ಮ ಸಾಹೇಬರು ತೂಲ್ಲಿಯೊ.
ಇಲ್ಲಿ ಗುದ್ದುವುದೇ ಗಾಳಿ, ಸ್ವಾಮಿ, ಅಂದೆ.

ಜನವರಿಯಲ್ಲಿ ಒಂದು ಲಕೋಟೆ, ಪತ್ರವಿಲ್ಲ.
ಕೊಂಡಿಯ ಚಿತ್ರ. ಕಂಚು, ಉರುಟು ಅಂಚು,
ಕೈಗವಸು ಸಿಕ್ಕಿಕೊಳ್ಳದಂತೆ ಒಳಕ್ಕೆ ಬಾಗಿದ್ದು.
ಎಂಟು ಸಲ ಅಳಿಸಿ ಬರೆದ ಗುರುತು.
ಇಷ್ಟು ಚೆಂದದ್ದು ನನ್ನ ಕೈಯಲ್ಲಿ ಆಗುತ್ತಿರಲಿಲ್ಲ.

ಮೊನ್ನೆ ಬೋರಾ ಬಂತು.
ಕಿಟಕಿಯಿಂದ ನೋಡುತ್ತ ನಿಂತೆ:
ಸೆಲ್ಲೋ ಹೊತ್ತ ಒಬ್ಬ, ಗುಮಾಸ್ತೆಯರಿಬ್ಬರು,
ಬ್ಯಾಂಡೇಜು ಬಿಚ್ಚಿದ ಕೈಯ ಓಂದೀನಾ —
ಒಬ್ಬರಿಗೊಬ್ಬರು ಯಾರೂ ಅಲ್ಲ,
ಒಂದೇ ಹಗ್ಗದಲ್ಲಿ ಒಂದು ಕ್ಷಣ ಒಂದು ಸಾಲು.
ನಡುವೆ ಸೆಲ್ಲೋದವನು ಹಗ್ಗ ಬಿಟ್ಟ,
ಹಿಂದಿನವಳ ಹಾರಿದ ಟೋಪಿ ಹಿಡಿಯಲು.
ನನ್ನೆದೆ ಝಲ್ಲೆಂದಿತು. ಹಿಡಿದ.
ಅವನ ಕೈ ಇರಲಿಲ್ಲ
ತಮ್ಮನ ನಕ್ಷೆಯಲ್ಲಿ, ನನ್ನ ಷರತ್ತಿನಲ್ಲೂ.

ಇವತ್ತು ಗಾಳಿಯಿಲ್ಲ. ಹೋಗಿ ನೋಡಿದೆ.
ಹಗ್ಗದ ಮೇಲೆ ಯಾರೋ
ಎರಡು ಜೊತೆ ಕಾಲುಚೀಲ ಒಣಗಹಾಕಿದ್ದಾರೆ.
ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ.
ಬಿಟ್ಟೆ.